ಡ್ರೈವರ್ ದ್ಯಾಮಣ್ಣನ ಎದೆನೋವು

ಡ್ರೈವರ್ ದ್ಯಾಮಣ್ಣನಿಗೆ ಶಾಲು ಹೊದಿಸಿದ ದಿನ ಡಿಪೋದಲ್ಲಿ ಎಲ್ಲರಿಗೂ ಪೇಡೆ ಹಂಚಿದರು. ಕುಷ್ಟಗಿಯಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ಹಂಪಣ್ಣ ಎಂಬ ದಾಳಿಂಬೆ ವ್ಯಾಪಾರಿಗೆ ಎದೆ ಹಿಡಿದುಕೊಂಡಾಗ, ದ್ಯಾಮಣ್ಣ ನಡುವಿನ ಯಾವ ಊರಲ್ಲೂ ನಿಲ್ಲಿಸದೆ ಬಸ್ಸನ್ನು ಸೀದಾ ಕನಕಗಿರಿಯ ಆಸ್ಪತ್ರೆಯ ಅಂಗಳಕ್ಕೇ ಒಯ್ದಿದ್ದ. ಕಂಡಕ್ಟರ್ ಅಲ್ತಾಫನೂ ಅವನೂ ಸೇರಿ ಹಂಪಣ್ಣನನ್ನು ಎತ್ತಿಕೊಂಡು ಒಳಗೆ ಓಡಿದ್ದರು. ಹಂಪಣ್ಣ ಉಳಿಯಲಿಲ್ಲ. ಆದರೂ ಸುದ್ದಿ ಪೇಪರಿನಲ್ಲಿ ಬಂತು, ದ್ಯಾಮಣ್ಣನ ಫೋಟೊ ಬಂತು, ಓಣಿಯ ಜನ ಕರೆದು ಕರೆದು ಚಹಾ ಕುಡಿಸಿದರು. ಎಷ್ಟು ಜೋರಾಗಿ ಓಡಿಸಿದಿ, ಯಾರು ನೀರು ಕುಡಿಸಿದರು, ಡಾಕ್ಟರು ಏನಂದರು ಎಂದು ಎಲ್ಲರೂ ಕೇಳಿದರು. ನಿನಗೆ ಹೇಗಾಯಿತು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಮಾತು ಅದು ಎಂದು ಅವನಿಗೂ ಅನ್ನಿಸಿರಲಿಲ್ಲ.

ಹಂಪಣ್ಣ ವಾರಕ್ಕೊಮ್ಮೆಯಾದರೂ ಆ ಬಸ್ಸಿಗೆ ಬರುವ ಮನುಷ್ಯ. ಡ್ರೈವರಿನ ಹಿಂದಿನ ಸೀಟೇ ಬೇಕು, ಅಲ್ಲಿ ಕೂತು ತಾವರಗೇರಾದಿಂದ ಗಂಗಾವತಿವರೆಗೂ ಮಾತಾಡಬೇಕು. ಆವತ್ತೂ ಯಾವುದೋ ತೋಟದ ಹಣ್ಣಿಗೆ ಚುಕ್ಕಿ ರೋಗ ಬಿದ್ದದ್ದನ್ನು ಹೇಳುತ್ತಿದ್ದವನು ನಡುವೆಯೇ ನಿಲ್ಲಿಸಿದ. "ದ್ಯಾಮಣ್ಣ, ಎದಿ ಮ್ಯಾಲ ಯಾರೋ ಕುಂತಂಗ ಆಗಾಕತ್ತೈತಿ ನೋಡು" ಅಂದ. ದ್ಯಾಮಣ್ಣ ಮೇಲಿನ ಕನ್ನಡಿಯಲ್ಲಿ ನೋಡಿದ. ಬೆವತ ಆ ಮುಖ, ಎಡ ಭುಜವನ್ನು ಹಿಚುಕುತ್ತಿದ್ದ ಆ ಬಲಗೈ ಕನಕಗಿರಿವರೆಗೂ ಕನ್ನಡಿಯಲ್ಲೇ ಇದ್ದವು. ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಆ ಮುಖದ ಮೇಲೆ ಇಟ್ಟು ಅವನು ಬಸ್ಸು ಓಡಿಸಿದ್ದ.

ಅದಾಗಿ ತಿಂಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಗಂಗಾವತಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಾಳ ವಗ್ಗರಣೆ ತಿನ್ನುತ್ತಿದ್ದಾಗ ದ್ಯಾಮಣ್ಣನ ಎದೆ ಒಮ್ಮೆಲೇ ಡಬಡಬ ಹೊಡೆದುಕೊಳ್ಳತೊಡಗಿತು. ಉಸಿರು ಮೇಲಕ್ಕೆ ಬಾರದು. ಕೈಬೆರಳು ಜುಮುಗುಟ್ಟಿದವು, ಎಡ ಭುಜ ಎಳೆದಂತಾಯಿತು. ಮುಗಿಯಿತು, ನನ್ನದೂ ಮುಗಿಯಿತು ಎಂದುಕೊಂಡ. ಅಲ್ತಾಫ ಆಟೋದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದ. ಇಸಿಜಿ ತೆಗೆದ ಡಾಕ್ಟರು ಕಾಗದವನ್ನು ನೋಡಿ, ಏನೂ ಇಲ್ಲ, ಗ್ಯಾಸ್ ಆಗಿರಬೇಕು ಎಂದು ಕಳಿಸಿದರು.

ಏನೂ ಇಲ್ಲ ಎಂಬ ಮಾತು ಎರಡು ದಿನ ಸಮಾಧಾನ ಕೊಟ್ಟಿತು. ಮತ್ತೆ ಬಂತು. ಈ ಸಲ ಕೊಪ್ಪಳದಲ್ಲಿ ತೋರಿಸಿದ. ಎಕೋ ಮಾಡಿ, ಓಡುವ ಪಟ್ಟಿಯ ಮೇಲೆ ಓಡಿಸಿ, ಹೃದಯ ಗಟ್ಟಿಯಾಗಿದೆ ಅಂದರು. ಇನ್ನೊಬ್ಬ ಡಾಕ್ಟರು ವಯಸ್ಸಾದಂತೆ ಹೀಗೆಲ್ಲ ಆಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ ಎಂದು ನಕ್ಕರು. ನಲವತ್ತು ಈಗಷ್ಟೇ ದಾಟಿದ ದ್ಯಾಮಣ್ಣನಿಗೆ ಆ ನಗು ಚುಚ್ಚಿತು. ನೋವು ತನ್ನ ಮೈಯಲ್ಲಿದೆ, ಇವರು ಇಲ್ಲ ಎನ್ನುತ್ತಾರೆ. ಹಾಗಾದರೆ ತಾನು ಸುಳ್ಳು ಹೇಳುತ್ತಿದ್ದೇನೆಯೇ? ಇಲ್ಲವೇ ಯಾರಿಗೂ ಸಿಗದ ರೋಗವೊಂದು ಒಳಗೆ ಕೂತಿದೆಯೇ?

ಅವನು ಮೈಯನ್ನು ಕಾಯತೊಡಗಿದ. ಮಾತಾಡುತ್ತಲೇ ಮಣಿಕಟ್ಟಿಗೆ ಬೆರಳಿಟ್ಟು ನಾಡಿ ನೋಡಿಕೊಳ್ಳುವನು. ಯಾರನ್ನೋ ಕೇಳಿ ನಾಲಿಗೆಯ ಕೆಳಗಿಡುವ ಹೃದಯದ ಗುಳಿಗೆಯನ್ನು ಜೇಬಿನಲ್ಲಿ ಇಟ್ಟುಕೊಂಡ. ಬೀಡಿ ಬಿಟ್ಟದ್ದು ಒಳ್ಳೆಯದೇ ಆಯಿತು, ಆದರೆ ಖಾರ ಬಿಟ್ಟ, ಶೇಂಗಾ ಬಿಟ್ಟ, ಮದುವೆ ಮುಂಜಿಗೆ ಹೋಗುವುದನ್ನೂ ಬಿಟ್ಟ. ಹೆಂಡತಿ ಅನ್ನಪೂರ್ಣ ಮೊದಮೊದಲು ಕರಗಿದಳು, ಆಮೇಲೆ ರೇಗಿದಳು, ಕೊನೆಗೆ ಹೆದರಿದಳು. ಆಸ್ಪತ್ರೆಯಲ್ಲಿ ಸತ್ತವನ ಗಾಳಿ ಸೋಕಿದೆ ಎಂದು ಅತ್ತೆ ದುರುಗವ್ವ ಹೇಳಿದ್ದಕ್ಕೆ ಒಪ್ಪಿ ಗಂಡನ ತೋಳಿಗೆ ತಾಯತ ಕಟ್ಟಿಸಿದಳು. ತಾಯತ ಕಟ್ಟಿದ ವಾರವೇ ಅವನು ಬಸ್ಸು ನಿಲ್ಲಿಸಿದ್ದು.

ತಾವರಗೇರಾ ದಾಟಿ, ಎರಡೂ ಬದಿ ತೊಗರಿ ಹೊಲ ಇರುವ ಜಾಗ. ಸೀಟು ತುಂಬಿ ಜನ ನಿಂತಿದ್ದರು. ದ್ಯಾಮಣ್ಣನ ಕಣ್ಣು ಸುಮ್ಮನೆ ಕನ್ನಡಿಗೆ ಹೋಯಿತು. ಹಿಂದಿನ ಸೀಟಿನಲ್ಲಿ ಯಾರೋ ಮುದುಕ ನಿದ್ದೆ ಮಾಡುತ್ತಿದ್ದ, ಅಷ್ಟೆ. ಆದರೆ ಎದೆ ಹಾರಿತು, ಸ್ಟೇರಿಂಗಿನ ಮೇಲಿನ ಕೈ ಮರಗಟ್ಟಿತು. ಅವನು ಬಸ್ಸನ್ನು ನಿಧಾನಕ್ಕೆ ಎಡಕ್ಕೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕೆಳಗಿಳಿದು ನೆಲದ ಮೇಲೆ ಕೂತುಬಿಟ್ಟ. ಜನ ಕಿಟಕಿಯಿಂದ ಇಣುಕಿದರು. ಕುಡಿದಿದ್ದಾನೆ ಎಂದು ಒಬ್ಬರು ಅಂದದ್ದು ಅವನಿಗೆ ಕೇಳಿಸಿತು. ಅಲ್ತಾಫ ಡಿಪೋಕ್ಕೆ ಫೋನು ಮಾಡಿ ಬೇರೆ ಡ್ರೈವರನ್ನು ಕರೆಸಿದ. ಡಿಪೋದಲ್ಲಿ ನಿಯಮದಂತೆ ಕೊಳವೆಯೊಳಗೆ ಊದಿಸಿದರು. ಕುಡಿದಿರಲಿಲ್ಲ ಎಂದು ಗೊತ್ತಾಯಿತು. ಮ್ಯಾನೇಜರು ಬೈಯಲಿಲ್ಲ. ಡಾಕ್ಟರರಿಂದ ಚೀಟಿ ತರುವವರೆಗೂ ಸ್ಟೇರಿಂಗ್ ಮುಟ್ಟಬೇಡ ಎಂದರು.

ಸಂಜೆ ಅಲ್ತಾಫ ಮನೆಗೆ ಬಂದ. ಅನ್ನಪೂರ್ಣಳ ಎದುರೇ ಹೇಳಿದ: ತನ್ನ ಅಕ್ಕನಿಗೆ ಎರಡು ವರ್ಷ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಆಗುತ್ತಿತ್ತು, ಎಷ್ಟು ಸ್ಕ್ಯಾನ್ ಮಾಡಿಸಿದರೂ ಏನೂ ಕಂಡಿರಲಿಲ್ಲ. ಮಂಗಳವಾರ ಕೊಪ್ಪಳದಿಂದ ಕುಷ್ಟಗಿಯ ಸರ್ಕಾರಿ ದವಾಖಾನೆಗೆ ಬರುವ ಡಾಕ್ಟರಮ್ಮನಿಗೆ ತೋರಿಸಿದ ಮೇಲೆ ಆರಾಮಾದಳು.

"ಎದರ ಡಾಕ್ಟರು ಅವರು?" ಎಂದು ದ್ಯಾಮಣ್ಣ ಕೇಳಿದ.

"ಮನಸ್ಸಿನ ಡಾಕ್ಟರು, ಅಣ್ಣಾ."

"ಅಂದ್ರ ನನಗ ಹುಚ್ಚು ಅಂತೀಯೇನು ನೀನು?"

ಉತ್ತರ ಕೊಟ್ಟವಳು ಅನ್ನಪೂರ್ಣ. "ಹುಚ್ಚಿರಲಿ, ಹೃದಯ ಇರಲಿ, ತೋರಿಸೂನು. ಹಿಂಗ ದಿನಾ ಸಾಯೂದನ್ನ ನಾ ನೋಡಲಾರೆ" ಅಂದಳು.

ಮಂಗಳವಾರ ದ್ಯಾಮಣ್ಣ ತಲೆಗೆ ಟವೆಲು ಸುತ್ತಿ, ಮುಖ ಕಾಣದಂತೆ ಅಂಚು ಎಳೆದುಕೊಂಡು ಸಾಲಿನಲ್ಲಿ ನಿಂತ. ಸಾಲಿನಲ್ಲಿ ಅವರದೇ ಓಣಿಯ ಅಮರಮ್ಮ ಇದ್ದಳು. ಅವಳೂ ಇವನನ್ನು ನೋಡಲಿಲ್ಲ, ಇವನೂ ಅವಳನ್ನು ನೋಡಲಿಲ್ಲ.

ಡಾಕ್ಟರ್ ಶಿವಲೀಲಾ ಯಲಬುರ್ಗಾ ಕಡೆಯವರು, ಮಾತು ಮನೆಯವರ ಹಾಗೆ. ಅವನು ತಂದಿದ್ದ ಎಲ್ಲ ರಿಪೋರ್ಟುಗಳನ್ನೂ ಒಂದೊಂದಾಗಿ ನೋಡಿದರು, ತಾವೇ ಎದೆಗೆ ಕೊಳವೆ ಹಚ್ಚಿ ಕೇಳಿದರು. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ಅದೊಂದು ರಕ್ತ ಪರೀಕ್ಷೆ ಯಾರೂ ಮಾಡಿಸಿಲ್ಲ, ಮೊದಲು ಅದನ್ನು ಮಾಡಿಸೋಣ ಅಂದರು. ಆಮೇಲೆ ಕೇಳತೊಡಗಿದರು. ಭಾರ ಹೊರುವಾಗ ಬರುತ್ತದೋ, ಸುಮ್ಮನೆ ಕೂತಾಗ ಬರುತ್ತದೋ? ದ್ಯಾಮಣ್ಣ ಯೋಚಿಸಿದ. ಹಿಂದಿನ ವಾರ ಜೋಳದ ಚೀಲಗಳನ್ನು ಅಟ್ಟಕ್ಕೆ ಏರಿಸಿದ್ದ, ಆಗ ಬಂದಿರಲಿಲ್ಲ. ಚಹಾ ಕುಡಿಯುತ್ತ ಕೂತಾಗ ಬಂದಿತ್ತು. ಬಂದದ್ದು ಎಷ್ಟು ಹೊತ್ತು ಇರುತ್ತದೆ? ಆಸ್ಪತ್ರೆ ಮುಟ್ಟುವುದರೊಳಗೆ ಅರ್ಧ ಇಳಿದೇ ಇರುತ್ತದೆ. ಇಲ್ಲದಾಗ ಏನು ಮಾಡುತ್ತೀರಿ? ಯಾವಾಗ ಬರುತ್ತದೋ ಎಂದು ಕಾಯುತ್ತೇನೆ ಅಂದ ದ್ಯಾಮಣ್ಣ. ಹಾಗೆ ಅಂದ ಮೇಲೆ ಅವನಿಗೇ ಆ ಮಾತು ವಿಚಿತ್ರವಾಗಿ ಕೇಳಿಸಿತು.

"ಎದಿ ಹಿಡಕೊಂಡು ಹೋದವರನ್ನ ಹತ್ತಿರದಿಂದ ನೋಡೀರೇನು?" ಎಂದು ಡಾಕ್ಟರು ಕೇಳಿದರು.

ಶಾಲಿನ ಕಥೆ ಹೇಳಲು ಬಾಯಿ ತೆರೆದ ದ್ಯಾಮಣ್ಣ ಕನ್ನಡಿಯ ಕಥೆ ಹೇಳಿದ. ಬೆವತ ಮುಖ, ಭುಜ ಹಿಚುಕುವ ಕೈ, ಬಸ್ಸು ಎಷ್ಟು ಓಡಿದರೂ ಮುಂದೆ ಬಾರದ ಕನಕಗಿರಿ. ಅನ್ನಪೂರ್ಣ ಪಕ್ಕದಲ್ಲಿ ಕೂತು ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದಳು. ಮುಗಿದ ಮೇಲೆ ಡಾಕ್ಟರು ರಿಪೋರ್ಟುಗಳನ್ನು ಮಡಿಸಿ ಅವನ ಕೈಗೆ ಕೊಟ್ಟರು.

"ದ್ಯಾಮಣ್ಣಾರ, ನಿಮ್ಮ ನೋವು ಖರೇ ಐತಿ. ನೀವು ಸುಳ್ಳು ಹೇಳಾಕತ್ತಿಲ್ಲ. ಇದನ್ನ ಮೊದಲ ತಲ್ಯಾಗ ಇಟ್ಕೊಂಡು ಮನಿಗೆ ಹೋಗ್ರಿ. ರಕ್ತದ ರಿಪೋರ್ಟ್ ತಗೊಂಡು ಮುಂದಿನ ಮಂಗಳವಾರ ಬರ್ರಿ."

ಇಷ್ಟು ದಿನ ತಿರುಗಿದ ಆಸ್ಪತ್ರೆಗಳಲ್ಲಿ ಯಾರೂ ಆಡದ ಮಾತು ಅದು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಟವೆಲಿನ ಅಂಚಿನಿಂದ ಕಣ್ಣೊರೆಸಿಕೊಂಡ. ಅನ್ನಪೂರ್ಣ ನೀರಿನ ಬಾಟಲಿ ಕೊಟ್ಟಳು.

ಥೈರಾಯ್ಡ್ ಸರಿಯಾಗಿಯೇ ಇತ್ತು. ಎರಡನೆಯ ಮಂಗಳವಾರ ಡಾಕ್ಟರು ಒಂದು ಪರೀಕ್ಷೆ ಮಾಡೋಣವೇ ಎಂದು ಕೇಳಿ, ತಮ್ಮ ಜೊತೆಗೇ ಜೋರಾಗಿ, ಬೇಗಬೇಗ ಉಸಿರಾಡಲು ಹೇಳಿದರು. ಇಬ್ಬರೂ ಎದುರುಬದುರು ಕೂತು, ಓಡಿ ಬಂದವರ ಹಾಗೆ ಏದುಸಿರು ಬಿಡತೊಡಗಿದರು. ಅನ್ನಪೂರ್ಣಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ದ್ಯಾಮಣ್ಣನ ಬೆರಳು ಜುಮುಗುಟ್ಟಿದವು, ತಲೆ ತಿರುಗಿತು, ಎದೆ ಬಿಗಿಯಿತು. ಅವನ ಕೈ ತಾನಾಗಿಯೇ ಜೇಬಿನ ಗುಳಿಗೆಗೆ ಹೋಯಿತು.

"ಗುಳಿಗಿ ಬ್ಯಾಡ" ಎಂದರು ಡಾಕ್ಟರು, ತಮಗೂ ಉಸಿರು ಹತ್ತಿತ್ತು. "ನನ್ನ ಬೆರಳೂ ಜುಮ್ಮಂತಾವು. ಈಗ ನಿಧಾನಕ ಬಿಡ್ರಿ. ಒಳಗ ತಗೊಳೂದು ಸಣ್ಣದು, ಹೊರಗ ಬಿಡೂದು ಉದ್ದ."

ಬಿಟ್ಟ. ಬಿಗಿತ ಇಳಿಯಿತು. ಗುಳಿಗೆಯಿಲ್ಲದೆ, ಆಟೋ ಇಲ್ಲದೆ, ಇಸಿಜಿ ಇಲ್ಲದೆ ಇಳಿಯಿತು.

"ಇದ ನೋಡ್ರಿ ನನಗ ಬರೂದು" ಅಂದ ದ್ಯಾಮಣ್ಣ, ನಂಬಲಾಗದೆ.

ಡಾಕ್ಟರು ಅದಕ್ಕೆ ಹೆಸರು ಹೇಳಿದರು: ಆತಂಕದ ಕಾಯಿಲೆ, ಪ್ಯಾನಿಕ್ ಎನ್ನುತ್ತಾರೆ. ಬಸ್ಸಿನ ಎಂಜಿನ್ ಚೆನ್ನಾಗಿದ್ದರೂ ಸ್ಟೇರಿಂಗಿನ ಎದುರಿನ ಎಚ್ಚರಿಕೆಯ ಕೆಂಪು ದೀಪ ಹತ್ತಿದರೆ ನೀವೇನು ಮಾಡುತ್ತೀರಿ ಎಂದು ಕೇಳಿದರು. ಸೆನ್ಸರ್ ಕೆಟ್ಟಿರುತ್ತದೆ, ಅದನ್ನು ಸರಿ ಮಾಡಿಸುತ್ತೇವೆ, ಎಂಜಿನ್ ಬಿಚ್ಚುವುದಿಲ್ಲ ಎಂದ ದ್ಯಾಮಣ್ಣ. ಹೇಳಿ ಮುಗಿಸುವಷ್ಟರಲ್ಲಿ ಅವನ ಕೈ ತನ್ನ ಎದೆಯ ಮೇಲಿತ್ತು. ಆವತ್ತಿನ ಹೆದರಿಕೆ ಅವನ ಮೈಯೊಳಗೆ ಉಳಿದುಬಿಟ್ಟಿದೆ, ಎದೆ ಸ್ವಲ್ಪ ಹೊಡೆದುಕೊಂಡರೂ ಮೈ ಅದನ್ನು ಸಾವೆಂದೇ ತಿಳಿಯುತ್ತದೆ, ಹೆದರಿದಷ್ಟೂ ಉಸಿರು ಓಡುತ್ತದೆ, ಉಸಿರು ಓಡಿದಷ್ಟೂ ಎದೆ ಬಿಗಿಯುತ್ತದೆ ಎಂದು ಅವರು ಬಿಡಿಸಿ ಹೇಳಿದರು. ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು, ಅದು ಹಿಡಿಯಲು ಕೆಲವು ವಾರ ಬೇಕು ಎಂದು ಮೊದಲೇ ಎಚ್ಚರಿಸಿದರು. ತಾವು ಹೇಳುವವರೆಗೆ ಬಸ್ಸು ಓಡಿಸಬಾರದು. ಆದರೆ ಬಸ್ಸಿನಲ್ಲಿ ಕೂತು ಅದೇ ದಾರಿಯಲ್ಲಿ ಹೋಗಿ ಬರಬೇಕು, ಜೇಬಿನಲ್ಲಿ ಹೃದಯದ ಗುಳಿಗೆ ಇಲ್ಲದೆ; ಅದಿಲ್ಲದೆಯೂ ಹೆದರಿಕೆ ಇಳಿಯುತ್ತದೆ ಎಂದು ಮೈ ಕಲಿಯಬೇಕು.

ಮೊದಲ ದಿನ ಅವನು ತಾವರಗೇರಾದಲ್ಲೇ ಇಳಿದುಬಿಟ್ಟ. ಅನ್ನಪೂರ್ಣಳೂ ಇಳಿದಳು, ಇಬ್ಬರೂ ಚಹಾ ಕುಡಿದು, ಎದುರಿನ ಬಸ್ಸು ಹಿಡಿದು ಮನೆಗೆ ಬಂದರು. ಮತ್ತೊಂದು ದಿನ ತೊಗರಿ ಹೊಲಗಳ ಆ ಜಾಗದಲ್ಲಿ ಅದು ಪೂರಾ ಬಂತು. ಇಳಿಯಬೇಕು, ಈಗಲೇ ಇಳಿಯಬೇಕು ಎಂದು ಕಾಲು ಎದ್ದವು. ಅನ್ನಪೂರ್ಣ ಅವನ ಕೈ ಹಿಡಿಯಲು ಹೋಗಿ, ಅದು ತಾನಾಗಿಯೇ ತಗ್ಗಬೇಕು, ಕೈ ಹಿಡಿಯಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಾಗಿ, ತನ್ನ ಸೆರಗನ್ನೇ ಹಿಡಿದುಕೊಂಡಳು. ದ್ಯಾಮಣ್ಣ ಕೂತ. ಉದ್ದಕ್ಕೆ ಉಸಿರು ಬಿಟ್ಟ, ಮತ್ತೆ ಬಿಟ್ಟ. ಅದು ಏರಿತು, ಇನ್ನೂ ಏರಿತು, ಆಮೇಲೆ ಏರಲಿಲ್ಲ. ಕನಕಗಿರಿ ಬಂದಾಗ ಅವನ ಅಂಗಿ ನೆನೆದಿತ್ತು. ಅವನು ಸೀಟಿನಲ್ಲೇ ಇದ್ದ.

ತಾವರಗೇರಾದಲ್ಲಿ ಹಂಪಣ್ಣನ ಮನೆ ಎಲ್ಲಿ ಎಂದು ಕೇಳಿಕೊಂಡು ಹೋದದ್ದು ಯಾರೂ ಹೇಳಿ ಅಲ್ಲ. ಒಂದು ಬೆಳಿಗ್ಗೆ ತಾನಾಗಿಯೇ ಹೋಗೋಣ ಅಂದ. ಹಂಪಣ್ಣನ ಹೆಂಡತಿ ಅನ್ನಮ್ಮ ಪೇಪರಿನ ಫೋಟೊದಿಂದ ಗುರುತು ಹಿಡಿದು ಒಳಗೆ ಕರೆದಳು. ಶಾಲು ಹೊದಿಸುವ ದಿನ ತನ್ನನ್ನೂ ಕರೆದಿದ್ದರು, ಬರಲು ಮನಸ್ಸಾಗಿರಲಿಲ್ಲ ಎಂದಳು. ಗಂಡನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು, ಗುಳಿಗೆ ನುಂಗು ಎಂದರೆ ನುಂಗುತ್ತಿರಲಿಲ್ಲ ಎಂದಳು. ಮಾತಾಡುತ್ತ ಆಡುತ್ತ ತಡೆದು, ಕೊನೆಗೆ ಕೇಳಿದಳು:

"ಕಡೀಕ ಏನರ ಅಂದ್ರೇನ್ರಿ ಅವರು?"

"ಅಂದ್ರವ್ವ. ಅನ್ನಮ್ಮಗ ಫೋನ್ ಹಚ್ಚಿ ಹೇಳು, ಊಟಕ್ಕ ತಡಾ ಆಕ್ಕೈತಿ ಅಂತ ಅಂದ್ರು. ಗಾಡಿ ಓಡಿಸೂದ್ರಾಗ ಹೇಳಾಕ ಆಗಲಿಲ್ಲ. ಆಮ್ಯಾಲ ನಿಮ್ಮ ಮುಂದ ಬರಾಕ ಧೈರ್ಯ ಆಗಲಿಲ್ಲ."

ಅನ್ನಮ್ಮ ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ ಮುಖ ತೊಳೆದು ಬಂದು, ಊಟ ಮಾಡದೆ ಹೋಗಗೊಡುವುದಿಲ್ಲ ಅಂದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎಷ್ಟೋ ತಿಂಗಳ ಮೇಲೆ ದ್ಯಾಮಣ್ಣ ಖಾರ ಉಂಡ.

ಗುಣವಾಗುವುದು ನೆಟ್ಟಗೆ ನಡೆಯಲಿಲ್ಲ. ಯುಗಾದಿಯ ಹೊತ್ತಿಗೆ ಎದೆನೋವು ಪೂರ್ತಿ ನಿಂತಂತಾಗಿ, ಮತ್ತೆ ಒಂದು ವಾರ ತುಂಬ ಕಾಡಿತು. ಎಲ್ಲ ಮತ್ತೆ ಮೊದಲಿಗೇ ಬಂತು ಎಂದು ಅವನು ಕುಸಿದ. ಹೀಗೆ ಒಮ್ಮೊಮ್ಮೆ ಮರಳುತ್ತದೆ, ಅದರಿಂದ ಕಲಿತದ್ದು ಅಳಿಸಿಹೋಗುವುದಿಲ್ಲ ಎಂದರು ಡಾಕ್ಟರು. ಅಷ್ಟರಲ್ಲಿ ಅವನು ಟವೆಲಿನಿಂದ ಮುಖ ಮುಚ್ಚಿಕೊಳ್ಳುವುದನ್ನು ಬಿಟ್ಟಿದ್ದ. ಒಂದು ಮಂಗಳವಾರ ಅಮರಮ್ಮನಿಗೆ ತಾನೇ ಬೆಂಚಿನಲ್ಲಿ ಜಾಗ ಬಿಟ್ಟು, ಆರಾಮದೀರೇನ್ರಿ ಎಂದು ಕೇಳಿದ. ಅವಳು ಸಂಕೋಚಪಟ್ಟು, ಈಗ ಸ್ವಲ್ಪ ನಿದ್ದೆ ಹತ್ತುತ್ತದೆ ಎಂದಳು.

ಮಳೆಗಾಲ ಶುರುವಾಗುವ ಮುಂಚೆ ಡಾಕ್ಟರು ಚೀಟಿ ಕೊಟ್ಟರು. ಡಿಪೋದಲ್ಲಿ ಮೊದಲು ಖಾಲಿ ಬಸ್ಸು ಓಡಿಸಿ ನೋಡಿ, ಆಮೇಲೆ ಹಳೆಯ ರೂಟನ್ನೇ ಕೊಟ್ಟರು. ಆವತ್ತು ಬೆಳಿಗ್ಗೆ ಅಲ್ತಾಫ ಸೀಟಿ ಊದುವ ಮುಂಚೆ ಒಂದು ಸಲ ಇವನ ಮುಖ ನೋಡಿದ. ದ್ಯಾಮಣ್ಣ ತಲೆಯಾಡಿಸಿದ. ತಾವರಗೇರಾ ದಾಟುವಾಗ ಎದೆ ಒಂದಿಷ್ಟು ಬಿಗಿಯಿತು. ಬಂದಿಯಾ ಎಂದುಕೊಂಡು ಅವನು ಉದ್ದ ಉಸಿರು ಬಿಟ್ಟ, ಗೇರ್ ಬದಲಿಸಿದ, ಅದೇ ವೇಗದಲ್ಲಿ ಹೋದ. ಕನಕಗಿರಿಯ ಸ್ಟ್ಯಾಂಡಿನಲ್ಲಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಕಿಟಕಿಯ ಕೆಳಗೆ ನಿಂತು, ಶ್ರೀರಾಮನಗರಕ್ಕೆ ಹೋಗಬೇಕು, ಗಂಗಾವತಿಯಲ್ಲಿ ಮುಂದಿನ ಬಸ್ಸು ಸಿಗುತ್ತದೆಯೇ ಎಂದು ಕೇಳಿದಳು.

"ಸಿಗತೈತಿ ಹತ್ತಬೇ, ಬುಟ್ಟಿ ಇಲ್ಲೆ ನನ್ನ ಬಾಜೂಕ ಇಡು" ಅಂದ ದ್ಯಾಮಣ್ಣ.