ಕಾಣಬಾರದಿದ್ದ ಮುಖ

ಚಿತಾಗಾರದ ಬಾಗಿಲಿನ ಇಳಿಜಾರಿನಲ್ಲಿ ಗಾಲಿಕುರ್ಚಿ ಅರ್ಧಕ್ಕೇ ನಿಂತುಬಿಟ್ಟಿತು. ಎನಿಡ್ ಪ್ರಾಕ್ಟರ್ ಹಿಂದಿನಿಂದ ಮೈಭಾರವನ್ನೆಲ್ಲ ಹಾಕಿ ನೂಕಿದಳು. ಎಪ್ಪತ್ತೇಳು ವರ್ಷದ ಮೊಣಕಾಲು ಕಳಕ್ಕೆಂದಿತೇ ಹೊರತು ಕುರ್ಚಿ ಅಲುಗಲಿಲ್ಲ.

"ಬಿಡೇ, ನಾನು ಇಲ್ಲೇ ಕೂತಿರ್ತೀನಿ," ಎಂದಳು ಕುರ್ಚಿಯಲ್ಲಿದ್ದ ಮೊಯ್ರಾ ಕೆಂಡಲ್. "ನಾನು ಒಳಗಿದ್ರೂ ಒಂದೇ, ಹೊರಗಿದ್ರೂ ಒಂದೇ. ಕ್ಲೆಮ್ ಏನು ಎದ್ದು ನೋಡ್ತಾನಾ?"

"ಬ್ರೇಕ್ ಮೇಲಿಂದ ಕೈ ತೆಗಿ."

"ಓ. ನಾನೇ ಹಿಡ್ಕೊಂಡಿದ್ನಾ."

ಮೊಯ್ರಾಳಿಗೆ ಎಂಬತ್ತಮೂರು. ಒಂದು ಕಾಲದಲ್ಲಿ ಲಂಡನ್ನಿನ ಬಸ್ಸುಗಳ ಮೈಮೇಲೆಲ್ಲ ಸಿನಿಮಾ ಜಾಹೀರಾತಿನಲ್ಲಿ ಅವಳ ಮುಖವಿತ್ತು. ಎನಿಡ್‌ಳ ಮುಖ ಎಲ್ಲಿಯೂ ಇರಲಿಲ್ಲ. ಮೂವತ್ತೊಂದು ವರ್ಷ ಅವಳು ಕ್ಲೆಮೆಂಟ್ ಗಾರ್ಸೈಡ್‌ನ ಕ್ಯಾಮೆರಾ ಪಕ್ಕದಲ್ಲಿ ನಿಂತು, ನಟರ ಕಣ್ಣಿಗೂ ಲೆನ್ಸಿಗೂ ನಡುವಿನ ದೂರವನ್ನು ಪಟ್ಟಿ ಹಿಡಿದು ಅಳೆದು, ಫೋಕಸ್ ತಿರುಗಿಸಿದವಳು. ನಲವತ್ತೆರಡು ಚಿತ್ರ ತೆಗೆದ ಕ್ಲೆಮ್, ಓಲ್ಡಮ್ಮಿನ ಹತ್ತಿಗಿರಣಿ ಕೆಲಸಗಾರನ ಮಗ, ದೇಶದ ದೊಡ್ಡ ಛಾಯಾಗ್ರಾಹಕ ಎನಿಸಿಕೊಂಡು ಎಂಬತ್ತೆಂಟನೆಯ ವಯಸ್ಸಿಗೆ ಸತ್ತಿದ್ದ. ಅವನ ಶವಪೆಟ್ಟಿಗೆ ಆಗಲೇ ಒಳಗಿತ್ತು.

ಬಾಗಿಲಲ್ಲಿ ನಿಂತಿದ್ದ ಅವನ ಮಗಳು ಹೆಸ್ಟರ್ ಓಡಿಬಂದು ಇಬ್ಬರನ್ನೂ ತಬ್ಬಿಕೊಂಡಳು.

"ಮುಂದಿನ ಸಾಲಲ್ಲೇ ಕೂತ್ಕೊಳ್ಳಿ ಎನಿಡ್ ಆಂಟಿ. ಪ್ರಾರ್ಥನೆ ಆದ್ಮೇಲೆ ಅಪ್ಪ ತೆಗೆದ ಒಂದು ದೃಶ್ಯ ಹಾಕಿಸ್ತಿದೀನಿ. ಆ ಮೀನುಗಾರರ ಚಿತ್ರದ್ದು, ಲಾಟೀನಿನ ದೃಶ್ಯ. ಮೊಯ್ರಾ ಅವ್ರೂ ಬಂದಿದಾರಲ್ಲ."

ಎನಿಡ್ ಕುರ್ಚಿ ನೂಕುವುದನ್ನು ಬಿಟ್ಟು ಅವಳ ಕಡೆ ತಿರುಗಿದಳು. "ಯಾವ ಪ್ರತಿ?"

"ಹೊಸದು. ಅಪ್ಪನೇ ನೋಡಿ ಸಹಿ ಹಾಕಿದ್ರಲ್ಲ. ನೀವೂ ಜೊತೆಗೆ ಹೋಗಿದ್ರಿ."

"ಬೇಡ ಕಣೇ. ಬೇರೆ ಯಾವುದಾದ್ರೂ ಹಾಕು. ಹಳೇ ಪ್ರತಿ ಸಿಗಲ್ವಾ?"

"ಹಳೇದು ಎಲ್ಲಿದೆ ಆಂಟಿ? ಫಿಲ್ಮ್ ಲ್ಯಾಬ್ ಮುಚ್ಚಿದಾಗಲೇ ಹಳೇ ಪ್ರತಿಗಳೆಲ್ಲಾ ಹೋದ್ವು. ಯಾಕೆ, ಏನಾಯ್ತು?"

ಮೊಯ್ರಾ ಕತ್ತೆತ್ತಿ ಇಬ್ಬರನ್ನೂ ನೋಡುತ್ತಿದ್ದಳು. ಎನಿಡ್ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದಳು.

"ಹಾಕ್ಲಿ ಬಿಡೇ," ಎಂದಳು ಮೊಯ್ರಾ. "ಅದರಲ್ಲಿ ನಾನು ಕಾಣೋದೇ ಇಲ್ಲ."

*

ಅದು ಎಪ್ಪತ್ತನಾಲ್ಕನೆಯ ಇಸವಿ, ನಾರ್ತಂಬರ್ಲ್ಯಾಂಡಿನ ಕರಾವಳಿ. ಮೊಯ್ರಾಳಿಗೆ ಹುಟ್ಟಿದ ಕೂಸು ಎರಡು ದಿನ ಬದುಕಿತ್ತು. ಮಣ್ಣು ಮಾಡಿ ಹನ್ನೊಂದನೆಯ ದಿನಕ್ಕೆ ಅವಳನ್ನು ಚಿತ್ರೀಕರಣಕ್ಕೆ ಕರೆಸಿದ್ದರು. ಅಂದಿನ ದೃಶ್ಯದಲ್ಲಿ ಮೀನುಗಾರನ ಹೆಂಡತಿಗೆ ಮಗನ ದೋಣಿ ಮುಳುಗಿದ ಸುದ್ದಿ ಬರಬೇಕು. ಗುಡಿಸಲಲ್ಲಿ ಒಂದು ಮೇಜು, ಒಂದು ಲಾಟೀನು. ಎನಿಡ್ ಅಳತೆಪಟ್ಟಿಯ ತುದಿಯನ್ನು ಮೊಯ್ರಾಳ ಕಣ್ಣಿನ ಹತ್ತಿರ ಹಿಡಿದಾಗ ಆ ರೆಪ್ಪೆಗಳು ನಡುಗುತ್ತಿದ್ದವು.

"ಕ್ಲೆಮ್, ನನ್ನ ಕೈಲಾಗಲ್ಲ," ಎಂದಳು ಮೊಯ್ರಾ. "ನಟನೆ ಬರ್ತಿಲ್ಲ. ಮುಖ ನನ್ನ ಮಾತು ಕೇಳ್ತಿಲ್ಲ. ಇದನ್ನ ಜನ ನೋಡಬಾರದು."

ಸಮಾಧಾನದ ಮಾತು ಕ್ಲೆಮ್‌ಗೆ ಒಗ್ಗುತ್ತಿರಲಿಲ್ಲ. ಲಾಟೀನನ್ನು ಮೇಜಿನ ಅಂಚಿಗೆ ಸರಿಸಿ, ಅದಕ್ಕೊಂದು ತಗಡಿನ ಮರೆ ಕಟ್ಟಿದ.

"ಬೆಳಕು ನಿನ್ನ ಕೈವರೆಗೆ ಬರುತ್ತೆ, ಅಷ್ಟೇ. ಅದರಿಂದ ಮೇಲೆ ಕತ್ತಲೆ, ನೀನು ಹೇಗಾದ್ರೂ ಇರು. ಯಾರೂ ನೋಡಲ್ಲ. ಇದು ನನ್ನ ಮಾತು."

ನಿರ್ಮಾಪಕ ಕೂಗಾಡಿದ. "ಪೋಸ್ಟರಿನಲ್ಲಿ ಹಾಕಿರೋದು ಅವಳ ಮುಖ ಕಣಯ್ಯಾ, ಕೈಯಲ್ಲ."

"ಮುಖ ಬೇಕಿದ್ರೆ ಬೇರೆ ಕ್ಯಾಮೆರಾದವನನ್ನ ಕರ್ಕೊಂಡು ಬನ್ನಿ," ಎಂದ ಕ್ಲೆಮ್, ಹಲ್ಲುಕಡ್ಡಿಯಿಂದ ಹಲ್ಲು ಕೆದಕುತ್ತ.

ನಾಲ್ಕು ನಿಮಿಷ ಕ್ಯಾಮೆರಾ ಓಡಿತು. ಆರಡಿ ದೂರದ ಕತ್ತಲೆಯಿಂದ ಎನಿಡ್‌ಗೆ ಕೇಳಿಸಿದ್ದು ನಟಿಯ ಅಳುವಲ್ಲ. ಕರು ಕಳೆದುಕೊಂಡ ಹಸುವಿನ ಹತ್ತಿರ ನಿಂತವರಿಗೆ ಆ ಸದ್ದು ಗೊತ್ತು. ಫೋಕಸ್ ಹಿಡಿದ ಬೆರಳು ಜಾರದಂತೆ ಅವಳು ಹಲ್ಲು ಕಚ್ಚಿ ನಿಂತಿದ್ದಳು.

ಕಣ್ಣಿಗೆ ಕಾಣದ್ದನ್ನೂ ಫಿಲ್ಮು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಪ್ರತಿ ತೆಗೆಯುವಾಗ ಅದನ್ನು ಕತ್ತಲೆಯಲ್ಲೇ ಉಳಿಸುವುದು ಛಾಯಾಗ್ರಾಹಕನ ಕೆಲಸ. ಕ್ಲೆಮ್ ಲ್ಯಾಬಿನಲ್ಲಿ ಮೂರು ದಿನ ಕೂತು ಅದನ್ನು ಉಳಿಸಿದ. ಆ ಕತ್ತಲೆಗೆ ಬಹುಮಾನಗಳು ಬಂದವು, ಅದರ ಮೇಲೆ ಪಾಠಗಳಾದವು. ಯಾಕೆ ಹಾಗೆ ತೆಗೆದಿರಿ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: "ದೀಪ ಅಷ್ಟೇ ಇತ್ತು."

*

ಆರು ವರ್ಷದ ಹಿಂದೆ ಲಂಡನ್ನಿನ ಒಂದು ಕಂಪನಿ ಆ ಚಿತ್ರದ ಮೂಲ ಫಿಲ್ಮಿನಿಂದ ಮನೆಮನೆಯ ಟೀವಿಗಳಿಗಾಗಿ ಹೊಸ ಪ್ರತಿ ತೆಗೆಯಿತು. ಮೂಲ ಛಾಯಾಗ್ರಾಹಕರು ಬಂದು ಒಪ್ಪಿಗೆ ಕೊಡಬೇಕೆಂದು ಕೇಳಿಕೊಂಡಿತು. ಅಷ್ಟರಲ್ಲಿ ಕ್ಲೆಮ್‌ನ ಕಣ್ಣ ನಡುವಿನ ದೃಷ್ಟಿಯೆಲ್ಲ ಹೋಗಿತ್ತು. ಅಂಚಿನಲ್ಲಿ ಒಂದಿಷ್ಟು ಮಸುಕು ಮಸುಕಾಗಿ ಕಾಣುತ್ತಿತ್ತು. ಇದು ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ಎನಿಡ್‌ಗೆ. ಮಗಳಿಗೂ ಅವನು ಹೇಳಿರಲಿಲ್ಲ.

"ನೀನು ಪಕ್ಕದಲ್ಲಿ ಇರು, ಸಾಕು," ಎಂದಿದ್ದ.

ತಂತ್ರಜ್ಞೆ ಮರ್ಯಾದಸ್ಥ ಹುಡುಗಿ. ಪರದೆಯ ಮೇಲೆ ಲಾಟೀನಿನ ದೃಶ್ಯವನ್ನು ಎರಡು ಬಗೆಯಲ್ಲಿ ಅಕ್ಕಪಕ್ಕ ಇಟ್ಟಳು. ಎಡಗಡೆ ಹಿಂದಿನಂತೆಯೇ ಕತ್ತಲೆ, ಎರಡು ಕೈ. ಬಲಗಡೆ ಬೆಳಕು ಹೆಚ್ಚಿಸಿದ್ದರಲ್ಲಿ ಮೊಯ್ರಾ, ಕೂದಲೆಳೆಯೂ ಬಿಡದೆ ಪೂರ್ತಿ.

"ಮೊಬೈಲಲ್ಲಿ ನೋಡೋವ್ರಿಗೆ ಕತ್ತಲೆ ಇದ್ರೆ ಏನೂ ಕಾಣ್ಸಲ್ಲ ಅಂತಾರೆ ಸರ್. ಆದ್ರೆ ನೀವು ಹೇಳಿದ್ದೇ ಕೊನೆ."

ಕ್ಲೆಮ್ ಮುಂದೆ ಬಾಗಿದ. ಕೋಳಿಯ ಹಾಗೆ ಕತ್ತನ್ನು ಆಕಡೆ ಈಕಡೆ ಓರೆ ಮಾಡಿದ. ಕೋಣೆಯಲ್ಲಿದ್ದ ಕಂಪನಿಯ ನಾಲ್ವರೂ ಭಕ್ತಿಯಿಂದ ಅವನನ್ನು ನೋಡುತ್ತಿದ್ದರು.

"ಬಲಗಡೇದು," ಎಂದ. "ಕತ್ತಲೆ ಚೆನ್ನಾಗಿ ಕೂತಿದೆ."

ಹುಡುಗಿ ಗಲಿಬಿಲಿಗೊಂಡು ಎನಿಡ್ ಕಡೆ ನೋಡಿದಳು. ಒಂದು ಮಾತು ಸಾಕಿತ್ತು. ಆದರೆ ಆ ಮಾತು ಆಡುವುದೆಂದರೆ, ಕ್ಲೆಮೆಂಟ್ ಗಾರ್ಸೈಡ್‌ಗೆ ಕಣ್ಣಿಲ್ಲ ಎಂದು ಅವನ ಎದುರಿಗೇ ನಾಲ್ಕು ಜನಕ್ಕೆ ಸಾರಿದಂತೆ. ಎನಿಡ್ ತನ್ನ ಕೈಚೀಲದ ಗುಂಡಿ ಹಾಕಿದಳು, ತೆಗೆದಳು. ಯಾರೋ ಕಾಗದ ತಂದರು. ಸಹಿ ಎಲ್ಲಿ ಹಾಕಬೇಕೆಂದು ಅವಳೇ ಅವನ ಬೆರಳು ಹಿಡಿದು ತೋರಿಸಿದಳು.

ವಾಪಸು ರೈಲಿನಲ್ಲಿ ಅವನು ಕೇಳಿದ: "ಮೊಯ್ರಾ ಕಾಣ್ತಿಲ್ಲ ತಾನೇ?"

"ಇಲ್ಲ."

"ಸದ್ಯ," ಎಂದವನೇ ಊರು ಬರುವವರೆಗೂ ನಿದ್ದೆ ಮಾಡಿದ.

ಆಮೇಲೆ ಎನಿಡ್ ಕಂಪನಿಗೆ ಎರಡು ಪತ್ರ ಬರೆದಳು. ಛಾಯಾಗ್ರಾಹಕರೇ ಒಪ್ಪಿದ್ದಾರೆ, ತಾವು ಯಾರು ಎಂದು ವಿನಯದಿಂದಲೇ ಉತ್ತರ ಬಂತು.

*

ಪಾದ್ರಿ ಪ್ರಾರ್ಥನೆ ಮುಗಿಸಿದರು. ಹಿಂದಿನ ಗೋಡೆಯ ಹತ್ತಿರ ಪರದೆಯ ಯಂತ್ರ ನೋಡಿಕೊಳ್ಳುವವನ ಬಳಿಗೆ ಎನಿಡ್ ಎದ್ದು ಹೋದಳು.

"ಅದು ಕೆಟ್ಟಿದೆ ಅಂತ ಹೇಳ್ಬಿಡಪ್ಪಾ."

"ಹೇಗಮ್ಮಾ ಹೇಳ್ಲಿ? ಮನೆಯವ್ರು ಆಗಲೇ ಹಾಕಿ ನೋಡಿದಾರೆ. ಕೂತ್ಕೊಳ್ಳಿ. ಮುಂದಿನ ಸಂಸ್ಕಾರದವ್ರು ಹನ್ನೆರಡೂವರೆಗೆ ಬರ್ತಾರೆ."

ಪರದೆ ಬೆಳಗಿತು. ಅಷ್ಟು ದೊಡ್ಡದಾಗಿ ಎನಿಡ್ ಕೂಡ ಅದನ್ನು ನೋಡಿರಲಿಲ್ಲ. ಮೂವತ್ತೊಂದು ವರ್ಷದ ಮೊಯ್ರಾ. ಕೆಳತುಟಿ ಒಂದು ಪಕ್ಕಕ್ಕೆ ಎಳೆದುಕೊಂಡು, ಬಾಯಿ ಮುಚ್ಚಲು ಬಾರದೆ, ಏನನ್ನೋ ಕರೆಯುತ್ತಿರುವಂತೆ ಅಲುಗುತ್ತಿತ್ತು. ಎದೆಯ ಮೇಲೆ ರವಿಕೆ ಎರಡೂ ಕಡೆ ಒದ್ದೆಯಾಗಿತ್ತು. ಹನ್ನೊಂದು ದಿನವಾದರೂ ಹಾಲು ನಿಂತಿರಲಿಲ್ಲ.

ನಾಲ್ಕು ನಿಮಿಷ. ಮೊಯ್ರಾ ತಲೆ ತಿರುಗಿಸಲಿಲ್ಲ. ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ಅತ್ತ ಶವಪೆಟ್ಟಿಗೆಯ ಮುಂದೆ ತೆರೆ ಸರಿದು ಅದು ಮರೆಯಾದದ್ದನ್ನು ಅರ್ಧ ಜನ ಗಮನಿಸಲೇ ಇಲ್ಲ.

ಪಕ್ಕದ ಕೋಣೆಯಲ್ಲಿ ಚಹಾ, ಸ್ಯಾಂಡ್‌ವಿಚ್ ಇಟ್ಟಿದ್ದರು. ಒಬ್ಬೊಬ್ಬರಾಗಿ ಬಂದು ಮೊಯ್ರಾಳ ಕೈ ಹಿಡಿದರು.

"ಎಂಥಾ ಅಭಿನಯ ಮೇಡಂ. ಇಷ್ಟು ವರ್ಷ ಇದು ಕತ್ತಲಲ್ಲಿ ಇತ್ತಲ್ಲ," ಎಂದರು ಸಿನಿಮಾ ಪಾಠ ಹೇಳುವ ಒಬ್ಬ ಮೇಷ್ಟ್ರು. "ಆ ಒದ್ದೆ ರವಿಕೆ ನೋಡಿ. ಸಮುದ್ರದ ನೀರು. ಗಾರ್ಸೈಡ್ ಅವ್ರು ಏನನ್ನೂ ಬಿಡ್ತಿರಲಿಲ್ಲ."

"ಥ್ಯಾಂಕ್ಸ್," ಎಂದಳು ಮೊಯ್ರಾ. ಮುಂದಿನವರಿಗೂ ಥ್ಯಾಂಕ್ಸ್ ಎಂದಳು.

ಕೋಣೆ ತೆರವಾದ ಮೇಲೆ ಮೆಲ್ಲಗೆ ಹೇಳಿದಳು: "ಅವನು ಮಾತು ಕೊಟ್ಟಿದ್ದ."

"ಅವ್ರಿಗೆ ಕಣ್ಣು ಕಾಣ್ತಿರ್ಲಿಲ್ಲ ಮೊಯ್ರಾ," ಎಂದಳು ಎನಿಡ್. "ನನಗೆ ಕಾಣ್ತಿತ್ತು."

ಮೊಯ್ರಾ ತಟ್ಟೆಯಲ್ಲಿದ್ದ ಸ್ಯಾಂಡ್‌ವಿಚ್ಚಿನ ಅಂಚು ಮುರಿದಳು.

"ಎಷ್ಟು ವರ್ಷದಿಂದ ತೋರಿಸ್ತಿದಾರೆ?"

"ಆರು."

"ಅವನ ಮಗಳು ಅದನ್ನ ಹಾಲು ಅಂದ್ಕೊಂಡ್ಲಾ, ನೀರು ಅಂದ್ಕೊಂಡ್ಲಾ?"

"ಹೆಸ್ಟರಾ? ನೀರು ಅಂತಲೇ."

"ಹಾಗೇ ಇರ್ಲಿ. ಟ್ಯಾಕ್ಸಿಗೆ ಹೇಳು, ಹೋಗ್ತೀನಿ."

ಹೊರಗೆ ಮೋಡ ಸರಿದು ಅಕ್ಟೋಬರಿನ ಬಿಸಿಲು ಮೇಲಿಂದ ಓರೆಯಾಗಿ ಹೊಡೆಯುತ್ತಿತ್ತು. ಮುಂದಿನ ಹೆಣದ ಜನ ಆಗಲೇ ಕಪ್ಪು ಕಾರುಗಳಿಂದ ಇಳಿಯುತ್ತಿದ್ದರು. ಅವರಲ್ಲಿ ಕೆಲವರು ಮೊಯ್ರಾಳ ಗುರುತು ಹಿಡಿದು ತಿರುತಿರುಗಿ ನೋಡಿದರು. ಅವಳು ಅಳುತ್ತಿದ್ದಳು, ಸದ್ದಿಲ್ಲದೆ, ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡು. ಎನಿಡ್ ಕುರ್ಚಿಯ ಹಿಂದಿನಿಂದ ಸುತ್ತಿ ಬಂದು, ಕೋಟಿನ ಎರಡೂ ಅಂಚು ಅಗಲಿಸಿ ಹಿಡಿದು, ಬಿಸಿಲಿಗೆ ಬೆನ್ನು ಮಾಡಿ ನಿಂತಳು. ಅವಳು ಸಣ್ಣ ಆಳು. ನೆರಳು ಮೊಯ್ರಾಳ ಗದ್ದದವರೆಗೆ ಬಂದು, ಅಲ್ಲೇ ನಿಂತಿತು.