ಸಲಾಕೆ ಇಳಿಯದ ಜಾಗ

ಗೋರಿಯ ಕಲ್ಲಿಗೂ ಒಂದು ಶುಶ್ರೂಷೆ ಇದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಬೆಳಂಬಾರದ ವಿನುತಾ ಮೀನು ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಂಕೋಲೆ ಪೇಟೆಯಲ್ಲಿ ಬಂಗಡೆ ಮಾರುವವಳು ಅವಳು. ಗಿರಾಕಿ ಮೂಗು ಮುರಿದರೆ ಅವನ ಮನೆತನವನ್ನೇ ಜಾಲಾಡಿಬಿಡುವ ಬಾಯಿ. ಅಂಥವಳು ಎರಡು ದಿನ ವ್ಯಾಪಾರ ಬಿಟ್ಟು ಕಾರವಾರಕ್ಕೆ ಹೋಗಿ, ಬ್ರಿಟಿಷರ ಕಾಲದ ಗೋರಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಮೆತ್ತನೆ ಬ್ರಶ್ಶಿನಿಂದ ಕಲ್ಲು ಉಜ್ಜಿದಳು ಎಂದರೆ ಸುಮ್ಮನೆ ಅಲ್ಲ.

ಬೆಳಂಬಾರದ ಸ್ಮಶಾನವನ್ನು ಕಡಲು ವರ್ಷವರ್ಷವೂ ತಿನ್ನುತ್ತಿತ್ತು. ಈಗ ಅಲ್ಲಿ ತಡೆಗೋಡೆ ಬರುವುದಿತ್ತು. ಗೋಡೆಯ ದಾರಿಯಲ್ಲಿರುವ ಸಮಾಧಿಗಳನ್ನು ಗುರುತಿಸಿ ನಕ್ಷೆಗೆ ಹಾಕಿದರೆ, ಶಾಸ್ತ್ರ ಮಾಡಿಸಿ ಒಳಗಿನ ಜಾಗಕ್ಕೆ ಸಾಗಿಸುತ್ತಾರೆ. ನಕ್ಷೆಗೆ ಬಾರದ್ದು ಗೋಡೆಯ ಅಡಿಗೆ. ಗುರುತಿಸುವ ಕೆಲಸಕ್ಕೆ ಊರಿನ ಐದು ಜನರಿಗೆ ಮೂರು ದಿನದ ತರಬೇತಿ ಎಂದಾಗ ವಿನುತಾ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಳು. ಆ ಸ್ಮಶಾನದ ಅಂಚಿನಲ್ಲಿ, ಸುರಹೊನ್ನೆ ಮರದ ಬುಡದಲ್ಲಿ, ಅವಳ ಮಗಳಿದ್ದಳು. ಒಂಬತ್ತು ವರ್ಷದ ಹಿಂದೆ ಆಷಾಢದಲ್ಲಿ ಹುಟ್ಟಿ ಒಂದೇ ಹಗಲು ಬದುಕಿದ ಕೂಸು. ಹೆಸರಿಟ್ಟಿರಲಿಲ್ಲ, ಕಲ್ಲು ನೆಟ್ಟಿರಲಿಲ್ಲ. ತಾಯಿ ಹೇಳದಿದ್ದರೆ ಅದು ನಕ್ಷೆಗೆ ಬರುವ ಮಾತೇ ಇರಲಿಲ್ಲ.

ಕಲಿಸುವವಳು ವೈಶಾಲಿ ಮೇಡಂ. ಸಣ್ಣ ದನಿ, ಆದರೆ ಕಣ್ಣು ಗಿಡುಗನದು. ಮೊದಲ ದಿನವೇ ಬೆಳಂಬಾರದ ಗಾರೆ ಕೆಲಸದ ಕುಪ್ಪ ಬೈಸಿಕೊಂಡ.

“ನಮ್ಮೂರ ಕಲ್ಲೆಲ್ಲಾ ನಾನೇ ಆಸಿಡ್ ಹಾಕಿ ಪಳಪಳ ಮಾಡದ್ದು ಮೇಡಂ,” ಎಂದು ಅವನು ಎದೆ ಉಬ್ಬಿಸಿದ್ದ.

ವೈಶಾಲಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. “ಅಯ್ಯೋ! ನೀವು ತೊಳೆದದ್ದು ಕೊಳೆಯನ್ನಲ್ಲ, ಅಕ್ಷರವನ್ನು,” ಎಂದಳು. ಆಸಿಡ್ ಬೇಡ, ತಂತಿಯ ಬ್ರಶ್ ಬೇಡ, ಸಿಮೆಂಟ್ ಬೇಡವೇ ಬೇಡ. ಬರೀ ನೀರು, ಮೆತ್ತನೆ ಬ್ರಶ್, ಕೆಳಗಿನಿಂದ ಮೇಲಕ್ಕೆ. ಸವೆದ ಅಕ್ಷರ ಓದಬೇಕಾದರೆ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಬೀಳಿಸಬೇಕು. ಒಂದೊಂದು ಸಮಾಧಿಗೂ ಒಂದು ಫಾರಂ: ಹೆಸರು, ಜಾಗ, ಕಲ್ಲು, ಕಲ್ಲಿನ ಸ್ಥಿತಿ, ಹಾನಿಗೆ ಕಾರಣ.

“ಬದುಕಿದ್ದವ್ರಿಗೇ ಇಷ್ಟು ಉಪಚಾರ ಇಲ್ಲ ಮಾರಾಯ್ತಿ,” ಎಂದು ಕುಪ್ಪ ಪಿಸುಗುಟ್ಟಿದ. ವಿನುತಾ ನಗು ತಡೆಯಲಾರದೆ ಕೆಮ್ಮಿದಳು.

ಎರಡನೆಯ ದಿನ ಸಂಜೆ ಮನೆಗೆ ಬಂದವಳೇ ಎರಡು ದಿನದ ಬಟ್ಟೆ ಗುಡ್ಡೆ ಹಾಕಿಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ನಿಂತಳು. ಆ ಕಲ್ಲಿನ ವಿಷಯದಲ್ಲಿ ಅವಳಿಗೂ ಮಾವ ಮಾಬ್ಲೇಶ್ವರನಿಗೂ ಹಳೇ ಜಗಳ. ಮೊದಲು ಅದು ಬಾವಿಯ ಪಕ್ಕದಲ್ಲಿತ್ತು. ಅವಳು ಹೆರಿಗೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಬರುವಷ್ಟರಲ್ಲಿ ಮಾವ ಅದನ್ನು ಹಿತ್ತಲಿನ ಮೂಲೆಗೆ ಎಳೆದು ಹಾಕಿದ್ದ. ಕೇಳಿದರೆ, ತೆಂಗಿನ ಮರಕ್ಕೆ ನೀರು ಹೋಗಲಿ ಅಂತ. ಅಂದಿನಿಂದ ನೀರು ಹೊತ್ತು ಹೊತ್ತು ಅವಳ ಸೊಂಟ ಬಿದ್ದುಹೋಗಿತ್ತು. ಸಾಲದ್ದಕ್ಕೆ ಆ ಕಲ್ಲಿನ ಮೇಲೆ ಮೀನು ಕೊಯ್ಯುವಂತಿಲ್ಲ, ಉಗುಳುವಂತಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮುದುಕ ಅದರ ಮೇಲೊಂದು ಕೊಡ ನೀರು ಹೊಯ್ದು ಏನನ್ನೋ ಗುಣುಗುಣು ಅನ್ನುತ್ತಿದ್ದ. ದೇವರ ಹೆಸರಿರಬೇಕು ಎಂದುಕೊಂಡಿದ್ದಳು.

“ಮೆಲ್ಲಗೆ ಒಗಿ ತಂಗೀ,” ಎಂದ ಮಾವ ಜಗಲಿಯಿಂದ. ಸೊಸೆಯನ್ನು ಅವನು ಕರೆಯುವುದೇ ಹಾಗೆ.

“ಮೆಲ್ಲಗೆ ಒಗದ್ರೆ ಮಣ್ಣು ಹೋಗೂಕೆ ನಿಮ್ಮ ಕಲ್ಲು ಎಂತಾ ಮಷಿನ್ನಾ?” ಎಂದು ಗಂಡ ರೂಪೇಶನ ಪ್ಯಾಂಟನ್ನು ಎತ್ತೆತ್ತಿ ಬಡಿದಳು.

ಮೂರನೆಯ ದಿನ ಬೆಳಂಬಾರದ ಸ್ಮಶಾನದಲ್ಲೇ ಪಾಠ. ವೈಶಾಲಿ ಉದ್ದನೆಯ ಸಪೂರ ಸಲಾಕೆ ತಂದಿದ್ದಳು, ಮೇಲೆ ಅಡ್ಡ ಹಿಡಿಕೆ. ಗುರುತಿಲ್ಲದ ಸಮಾಧಿಯನ್ನು ಅಗೆಯದೆ ಪತ್ತೆ ಮಾಡುವುದು ಅದರಿಂದ.

“ಒಮ್ಮೆ ಅಗೆದ ಮಣ್ಣು ಮತ್ತೆ ಮೊದಲಿನ ಹಾಗೆ ಗಟ್ಟಿಯಾಗುವುದಿಲ್ಲ. ನೂರು ವರ್ಷವಾದರೂ ಸಲಾಕೆಗೆ ಗೊತ್ತಾಗುತ್ತದೆ. ಮೆತ್ತಗೆ ಇಳಿದರೆ ಅಲ್ಲಿ ಯಾರೋ ಇದ್ದಾರೆ. ಅಷ್ಟಕ್ಕೇ ನಿಲ್ಲಿಸಿ, ಮುಂದೆ ಚುಚ್ಚಬೇಡಿ,” ಎಂದಳು.

ವಿನುತಾ ಸಲಾಕೆಯನ್ನು ಅವಳ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡಳು. ನೇರ ಸುರಹೊನ್ನೆ ಮರದ ಬುಡಕ್ಕೆ ಹೋದಳು. ಪ್ರತಿ ಆಷಾಢ ಅಬ್ಬಲಿ ಹೂವಿಟ್ಟು ಅಳುವ ಜಾಗ ಅದು. ಸಲಾಕೆ ಊರಿದಳು. ಒಂದು ಗೇಣು ಇಳಿಯಿತು, ಠಣ್ ಎಂದಿತು.

ಬೇರಿರಬೇಕು ಎಂದು ಪಕ್ಕಕ್ಕೆ ಊರಿದಳು. ಠಣ್. ಈಚೆಗೆ. ಠಣ್. ಮರದ ಸುತ್ತ ಹನ್ನೆರಡು ಕಡೆ ಊರಿದಳು, ಅಂಗೈ ಕೆಂಪಾಯಿತು. ಕುಪ್ಪ ಬಗ್ಗಿ ಮಣ್ಣು ಕೆರೆದು ನೋಡಿದ.

“ಇದು ಚಿರೇಕಲ್ಲಿನ ಹಾಸು ವಿನುತಾ. ಇಲ್ಲಿ ಯಾರೂ ಯಾವತ್ತೂ ಅಗದಿಲ್ಲ. ಅಗಿಯೂಕೆ ಬರೂದೇ ಇಲ್ಲ,” ಎಂದ.

ಒಂಬತ್ತು ವರ್ಷ ಅವಳು ಬರೀ ಬಂಡೆಗೆ ಹೂವಿಟ್ಟಿದ್ದಳು. ಹಾಗಾದರೆ ಮಗು ಎಲ್ಲಿ? ಕಡಲಿಗೆ ಎಸೆದರೇ? ಆಸ್ಪತ್ರೆಯಲ್ಲಿ ಅವಳಿಗೆ ಪ್ರಜ್ಞೆ ಇರಲಿಲ್ಲ, ರೂಪೇಶ ಮಂಚ ಬಿಟ್ಟು ಕದಲಿರಲಿಲ್ಲ. ಕೂಸನ್ನು ಸುತ್ತಿದ ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಹೋದವನು ಮಾವನೊಬ್ಬನೇ. ಸಲಾಕೆ ಹಿಡಿದುಕೊಂಡೇ ಅವಳು ಮನೆಗೆ ಓಡಿದಳು. ವೈಶಾಲಿ ಕರೆದದ್ದು ಕಿವಿಗೆ ಬೀಳಲಿಲ್ಲ.

ಮಾಬ್ಲೇಶ್ವರ ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ.

“ಮಾವಾ, ಆ ಮರದ ಬುಡ್ಕೆ ಬರೀ ಬಂಡೆ. ನನ್ನ ಕೂಸು ಎಲ್ಲಿ?”

ಮುದುಕನ ಕೈಯ ಸೂಜಿ ನಿಂತಿತು. ಅವನು ಅವಳ ಮುಖ ನೋಡಲಿಲ್ಲ, ಸಲಾಕೆ ನೋಡಿದ.

“ಹಾರೆ ಹಿಡ್ಕಂಡೇ ಹೋಗಿದ್ದೆ ತಂಗೀ. ಮಳೆ ಅಂದ್ರೆ ಮಳೆ. ಮೇನೆ ಬದಿ ಎಲ್ಲಿ ಹೊಡದ್ರೂ ಕಲ್ಲು. ಕೆಳಗೆ ದಂಡೆಯ ಹೊಯ್ಗೆ ಬದಿ ಹೋದ್ರೆ ಸಮುದ್ರ ಎರಡು ಹೆಣದ ಕುಣಿ ಒಡದು ಹಾಕಿತ್ತು. ಎಂತಾ ಕಂಡೆ ಅಂತ ಕೇಳಬೇಡ. ನಾಯಿ ತಿರಗ್ತಾ ಇದ್ವು. ಅಂಥಲ್ಲಿ ಹ್ಯಾಂಗೆ ಬಿಟ್ಟು ಬರೂದು ಅದ್ನ? ತಿರಗಿ ತಂದೆ.”

“ತಂದು?”

“ಹಿತ್ಲಲ್ಲಿ ಮಲಗ್ಸ್ದೆ. ನಾಯಿ ಕೆದರಬಾರ್ದು ಅಂತ ಮೇನೆ ಕಲ್ಲು ಎಳದು ಹಾಕ್ದೆ.”

ಹಿತ್ತಲಲ್ಲಿ ಇದ್ದದ್ದು ಒಂದೇ ಕಲ್ಲು.

ವಿನುತಾ ಹೇಗೆ ಅಲ್ಲಿಗೆ ಹೋದಳೋ ಅವಳಿಗೇ ಗೊತ್ತಿಲ್ಲ. ಇದೂ ಸುಳ್ಳಿರಬಹುದು ಎಂದು ಕಲ್ಲಿನ ಪಕ್ಕದ ನೆಲಕ್ಕೆ ಸಲಾಕೆ ತಾಗಿಸಿದಳು. ಒತ್ತುವುದೇ ಬೇಕಾಗಲಿಲ್ಲ. ಅದು ಮೊಸರಿಗೆ ಇಳಿದಂತೆ ಮೆತ್ತಗೆ, ಸದ್ದಿಲ್ಲದೆ ಇಳಿಯಿತು. ಅವಳು ಕಿಟಾರನೆ ಕಿರುಚಿ ಸಲಾಕೆ ಕಿತ್ತು ಬೇಲಿಯಾಚೆ ಎಸೆದಳು. ಚುಚ್ಚಿತೇನೋ ಎಂದು ಆ ತೂತಿಗೆ ಅಂಗೈ ಒತ್ತಿಹಿಡಿದು ಕೂತಳು.

“ನಾ ಬಡದೆ ಮಾವಾ! ನಿನ್ನೆನೂ ಬಡದೆ. ಒಂಬತ್ತು ವರ್ಷ ನನ್ನ ಮಗಳ ಮೇನೆ ಬಟ್ಟೆ ಬಡದೆ. ಕಣ್ಣಲ್ಲಿ ನೋಡ್ತಾ ಕೂತಿದ್ರಲ್ಲಾ, ಒಂದು ಮಾತು ಹೇಳೂಕೆ ಎಂತಾ ದಾಡಿ ಬಂದಿತ್ತು ನಿಮ್ಗೆ?”

“ಮನೆ ಹಿತ್ಲಲ್ಲಿ ಹುಗದೆ ಅಂದ್ರೆ ಊರು ಬಿಡ್ತಿತ್ತಾ? ನೀ ಹಾಸಿಗೆಯಿಂದ ಎದ್ದಿರ್ಲಿಲ್ಲ. ಎದ್ದವಳು ಜಾಗ ತೋರ್ಸಿ ತೋರ್ಸಿ ಅಂದೆ. ಕಣ್ಣಿಗೆ ಬಿದ್ದ ಮರ ತೋರ್ಸ್ದೆ. ಆಮೇನೆ ಖರೆ ಹೇಳೂಕೆ ಧೈರ್ಯ ಬರ್ಲಿಲ್ಲ,” ಎಂದ ಮಾಬ್ಲೇಶ್ವರ. ಎಪ್ಪತ್ತರ ಮುದುಕ ಹಿತ್ತಲ ಬಾಗಿಲಲ್ಲಿ ನಿಂತು ಮಕ್ಕಳ ಹಾಗೆ ಅಳುತ್ತಿದ್ದ. ವಿನುತಾಳಿಗೆ ಅವನನ್ನು ಹಿಡಿದು ಅಲುಗಿಸಬೇಕೆನಿಸಿತು. ಕಾಲು ಹಿಡಿಯಬೇಕೂ ಅನಿಸಿತು. ಎರಡೂ ಮಾಡಲಿಲ್ಲ.

ವೈಶಾಲಿ ಏದುಸಿರು ಬಿಡುತ್ತ ಬಂದಾಗ ವಿನುತಾ ತರಬೇತಿಯಲ್ಲಿ ಕೊಟ್ಟಿದ್ದ ಮೆತ್ತನೆ ಬ್ರಶ್ಶಿನಿಂದ, ಬರೀ ನೀರಿನಿಂದ, ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ತೊಳೆಯುತ್ತಿದ್ದಳು. ಮೇಡಂ ಕಡೆ ಕೈ ಚಾಚಿದಳು.

“ಒಂದು ಫಾರಂ ಕೊಡಿ.”

ಮೊದಲ ಸಾಲಿನಲ್ಲೇ ಪೆನ್ನು ನಿಂತಿತು. ಹೆಸರು.

“ದೀಪಾ,” ಎಂದ ಮಾಬ್ಲೇಶ್ವರ ಬಾಗಿಲಿನಿಂದ. “ನೀರು ಹೊಯ್ಯೂಕೆ ಕರಿಬೇಕಲ್ಲ. ದಿನಾ ದೀಪಾ ಅಂತ ಕರೀತೆ.”

ವಿನುತಾ ಬರೆದಳು. ಹೆಸರು: ದೀಪಾ. ಜಾಗ: ಮನೆಯ ಹಿತ್ತಲು. ಕಲ್ಲು: ಒಂದು, ಬರಹವಿಲ್ಲ. ಸ್ಥಿತಿ: ಸವೆದಿದೆ. ಕೊನೆಯ ಸಾಲನ್ನೂ ತುಂಬಿದಳು. ಹಾನಿಗೆ ಕಾರಣ: ತಾಯಿ ಬಟ್ಟೆ ಒಗೆದದ್ದು.