ಮೂಲೆಗೂಡಿನ ಗುರುಗಳು

ಪವಿತ್ರ ವಾರ ಬಂತೆಂದರೆ ಕೀಲಿಯಕ್ಕನಿಗೆ ಎರಡು ಕೈ ಸಾಲುತ್ತಿರಲಿಲ್ಲ. ಚರ್ಚಿನ ಬಾಗಿಲು, ಬೀರು, ಗಂಟೆಗೋಪುರ ಎಲ್ಲದರ ಕೀಲಿಯೂ ಅವಳ ಸೊಂಟದಲ್ಲೇ ತೂಗುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಹುಟ್ಟುಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಬಲಿಪೀಠದ ಬಟ್ಟೆ ಇಸ್ತ್ರಿಯಾಗಬೇಕು, ಪ್ರತಿಮೆಗಳಿಗೆ ನೇರಳೆ ಹೊದಿಕೆ ಹಾಕಬೇಕು, ಪಾದ ತೊಳೆಯುವ ಪೂಜೆಗೆ ಟವೆಲ್ಲು ಒಗೆದಿಡಬೇಕು. ಜೊತೆಗೆ ಯಾರು ಯಾವ ಬೆಂಚಿನಲ್ಲಿ ಯಾಕೆ ಮುಖ ಊದಿಸಿಕೊಂಡು ಕೂತಿದ್ದಾರೆ ಎಂದೂ ಗಮನಿಸಬೇಕು. ಈ ಕೊನೆಯ ಕೆಲಸವನ್ನು ಅವಳಿಗೆ ಯಾರೂ ವಹಿಸಿರಲಿಲ್ಲ. ಕಣ್ಣು ಸುಮ್ಮನಿರದ ಜೀವ ಅವಳದು.

ಬುಧವಾರ ಸಂಜೆ ಪಾಪನಿವೇದನೆ. ಹಬ್ಬಕ್ಕೆ ಮೊದಲು ಊರಿಗೆ ಊರೇ ಪಾಪ ಹೇಳಿಕೊಳ್ಳಲು ಬರುವುದರಿಂದ ಅಕ್ಕಪಕ್ಕದ ಚರ್ಚುಗಳ ಗುರುಗಳನ್ನೂ ಕರೆಸುವುದು ವಾಡಿಕೆ. ಗೋಡೆಯುದ್ದಕ್ಕೂ ಮರದ ಗೂಡುಗಳು. ಪ್ರತಿ ಗೂಡಿನ ಒಂದು ಪಾಲಿನಲ್ಲಿ ಗುರುಗಳು ಕೂರುವ ಆಸನ, ಇನ್ನೊಂದರಲ್ಲಿ ಪರದೆಯ ಹಿಂದೆ ಬಂದವರು ಮಂಡಿಯೂರುವ ಹಲಗೆ, ನಡುವೆ ಮುಖ ಕಾಣದಂತೆ ಸಣ್ಣ ಜಾಲರಿ. ಗೂಡಿನ ನೆತ್ತಿಯ ಮೇಲೆ ಹಸಿರು ದೀಪ. ಅದು ಉರಿಯುತ್ತಿದ್ದರೆ ಒಳಗೆ ಗುರುಗಳಿದ್ದಾರೆ ಎಂದರ್ಥ. ಜನ ತಾವಾಗಿಯೇ ಸಾಲು ಕಟ್ಟುತ್ತಾರೆ.

ದೀಪಗಳ ಸ್ವಿಚ್ಚು ಪೂಜೆಯ ಉಡುಪುಗಳನ್ನಿಡುವ ಒಳಕೋಣೆಯಲ್ಲಿತ್ತು. ಕೀಲಿಯಕ್ಕ ಎಂದಿನಂತೆ ಅಂಗೈ ಸವರಿ ಎಲ್ಲವನ್ನೂ ಒಂದೇ ಸಲ ಒತ್ತಿದಳು. ಮೂಲೆಯ ಹಳೆಯ ಗೂಡಿನ ದೀಪ ಕೆಟ್ಟು ಎಷ್ಟೋ ಕಾಲವಾಗಿತ್ತು. ಅದರ ಸ್ವಿಚ್ಚು ಒತ್ತಿದರೂ ಒಂದೇ, ಬಿಟ್ಟರೂ ಒಂದೇ.

ಹೊರಗೆ ಬಂದು ನೋಡಿದರೆ ಅದೂ ಉರಿಯುತ್ತಿತ್ತು. ದೊಡ್ಡ ಫಾದರ್ ರಿಪೇರಿ ಮಾಡಿಸಿ ಯಾರೋ ಅತಿಥಿ ಗುರುಗಳನ್ನು ಕೂರಿಸಿರಬೇಕು, ನನಗೊಂದು ಮಾತು ಹೇಳಬಾರದಿತ್ತೇ ಎಂದು ಸ್ವಲ್ಪ ಮುನಿಸಿಕೊಂಡಳು, ಅಷ್ಟೇ. ಅವಳ ಗಮನವೆಲ್ಲ ಕೊನೆಯ ಬೆಂಚಿನಲ್ಲಿ ಮುದುಡಿ ಕೂತಿದ್ದ ತಂಗಿಯ ಮೇಲಿತ್ತು.

ತಂಗಿಯ ಪುಟ್ಟ ಮಗಳು ಅವರ ಮನೆಯ ಹಿತ್ತಲ ನೀರಿನ ತೊಟ್ಟಿಯಲ್ಲಿ ಮುಳುಗಿ ತೀರಿಹೋದ ಮೇಲೆ ತಂಗಿ ಅಕ್ಕನ ಮನೆಯಲ್ಲೇ ಇದ್ದಳು. ಗಂಡ ಲಾರಿ ಓಡಿಸುತ್ತಾ ಊರೂರು ಅಲೆಯುವವನು. ಇವಳು ತಟ್ಟೆಯ ಮುಂದೆ ಕೂರುತ್ತಿದ್ದಳು, ಉಣ್ಣುತ್ತಿರಲಿಲ್ಲ; ಮಲಗುತ್ತಿದ್ದಳು, ನಿದ್ದೆಯಿಲ್ಲ. ಹಿತ್ತಲ ಬಾಗಿಲಿನ ಚಿಲಕಕ್ಕೆ ತುಕ್ಕು ಹಿಡಿದಿತ್ತು, ಅದಾಗೇ ಜಾರಿತು, ನಿನ್ನ ತಪ್ಪೇನೂ ಇಲ್ಲ ಎಂದು ಮನೆಮಂದಿಯೆಲ್ಲ ಒಂದೇ ಬಾಯಲ್ಲಿ ಹೇಳಿದ್ದರು. ಮೊದಲು ಹೇಳಿದವಳು ಕೀಲಿಯಕ್ಕನೇ. ತಂಗಿ ಪ್ರತಿಸಲವೂ ತಲೆಯಾಡಿಸುತ್ತಿದ್ದಳು, ಪ್ರತಿಸಲವೂ ಇನ್ನಷ್ಟು ಒಳಕ್ಕೆ ಸರಿಯುತ್ತಿದ್ದಳು. ಇವತ್ತು ಚರ್ಚಿಗೆ ಬಂದದ್ದೇ ದೊಡ್ಡದು.

"ಏಳೇ, ಮೂಲೇಲಿ ಜನ ಕಡಿಮೆ. ಬೇಗ ಮುಗಿಯುತ್ತೆ."

"ಏನಂತ ಹೇಳ್ಲಿ?"

"ಬಾಯಿಗೆ ಬಂದದ್ದು ಹೇಳು. ನನ್ನ ಮೇಲೆ ಸಿಟ್ಟಿದ್ರೆ ಅದನ್ನೇ ಹೇಳು, ಅರ್ಧ ಗಂಟೆ ಆಗುತ್ತೆ."

ತಂಗಿ ನಗಲಿಲ್ಲ. ಆದರೆ ಎದ್ದು ಹೋದಳು. ಹೊರಗೆ ಬಂದಾಗ ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಮನೆಗೆ ಹೋಗಿ ಎರಡು ಸಲ ಬಡಿಸಿಕೊಂಡು ಉಂಡಳು. ಕೀಲಿಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿದಳು.

ಗುರುವಾರ ಬೆಳಗ್ಗೆ ಹಾಡಿನ ಮೇಷ್ಟ್ರು ಒಳಕೋಣೆಗೆ ಇಣುಕಿದರು. "ಅಕ್ಕ, ಆ ಮೂಲೆ ಫಾದರ್ ಯಾರು? ನಾನು ಬಾಯಿ ಬಿಡೋಕೆ ಮುಂಚೇನೇ ಎಲ್ಲ ಗೊತ್ತಿತ್ತು ಅವರಿಗೆ. ಒಳ್ಳೇ ದನಿ. ಕ್ವಾಯರ್‌ಗೆ ಸೇರಿಸ್ಕೋಬೇಕು ಅನ್ನಿಸ್ತು." ತಮಾಷೆಗೆ ಅಂದರಾದರೂ ಅವರು ನಗುತ್ತಿರಲಿಲ್ಲ.

ಅವಳು ದೊಡ್ಡ ಫಾದರ್‌ರನ್ನು ಕೇಳಿದಳು. ಅವರು ರಾತ್ರಿಯಿಡೀ ಪ್ರವಚನ ಬರೆದು ಕೆಂಪಾದ ಕಣ್ಣನ್ನು ಉಜ್ಜಿಕೊಂಡರು. "ಮೂಲೇಲಿ ಯಾರನ್ನಮ್ಮ ಕೂರಿಸ್ಲಿ? ಅದರೊಳಗೆ ಮುರಿದ ಕುರ್ಚಿ ತುಂಬಿರೋದು ನೀನೇ ಅಲ್ವಾ?"

ಹೌದು, ತಾನೇ ತುಂಬಿದ್ದು. ಹೋಗಿ ನೋಡಿದಳು. ಗುರುಗಳ ಪಾಲಿನ ಬಾಗಿಲ ಸಂದಿಗೆ ಜೇಡ ನೇಯ್ದ ಬಲೆ ಹಾಗೇ ಇತ್ತು. ಒಳಗೆ ಮಡಚಿದ ಕುರ್ಚಿಗಳು, ಸೂರು ತಾಗುವವರೆಗೆ. ತಂಗಿಗೆ ಹೇಳಲೇ? ಹೇಳಿದರೆ ಆ ಕೆನ್ನೆಯ ಬಣ್ಣ ಆರಿಹೋಗುತ್ತದೆ. ಹೇಳದಿದ್ದರೆ? ಅವಳು ಉಂಡಿದ್ದಳು, ಮಲಗಿದ್ದಳು. ಅದು ಯಾರ ಪುಣ್ಯವಾದರೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶುಕ್ರವಾರ ಶಿಲುಬೆಯ ಆರಾಧನೆ ಮುಗಿಸಿ ಮನೆಗೆ ಬಂದಾಗ ತಂಗಿ ಮಗಳ ಹಳೆಯ ಚಪ್ಪಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದಳು. ಮೆಲ್ಲಗೆ ಗುನುಗುತ್ತಿದ್ದಳು.

"ಏನೇ ಇದು?"

"ಫಾದರ್ ತರೋಕೆ ಹೇಳಿದ್ರು. ನಾಳೆ ಮಧ್ಯಾಹ್ನ. ಬುಧವಾರ ಅರ್ಧ ಮಾತ್ರ ಆಗಿದ್ದು, ಇನ್ನರ್ಧ ನಾಳೆ."

"ನಾಳೆ ಯಾರೂ ಪಾಪನಿವೇದನೆಗೆ ಕೂರಲ್ವಲ್ಲ."

"ಅವರು ಕೂತಿರ್ತಾರಂತೆ." ತಂಗಿ ತಲೆಯೆತ್ತಿದಳು. ಕಣ್ಣುಗಳು ಹೊಳೆಯುತ್ತಿದ್ದವು. "ಅಕ್ಕ, ನೀವೆಲ್ಲ ನನ್ನ ತಪ್ಪಿಲ್ಲ ಅಂತೀರಲ್ಲ, ಅವರು ಹಾಗನ್ನಲಿಲ್ಲ. ಹೌದಮ್ಮ, ನೀನೇ ಅಂದ್ರು. ಎಷ್ಟು ಹಗುರ ಆಯ್ತು ಗೊತ್ತಾ? ಅವಳಿರೋ ಕಡೆಗೆ ಬಾಗಿಲು ತೆಗೀತೀನಿ, ಚಪ್ಪಲಿ ತಗೊಂಡು ಬಾ ಅಂದ್ರು."

ಅಲ್ಲಿ ಯಾರೂ ಇರಲಿಲ್ಲ ಕಣೇ ಎಂದುಬಿಡಲೇ ಎಂದುಕೊಂಡಳು ಕೀಲಿಯಕ್ಕ. ಹಾಗಂದರೆ ಇವಳು ನಂಬುವುದಿಲ್ಲ, ನಂಬಿದರೆ ಉಳಿಯುವುದಿಲ್ಲ. ಬೀಗ ಹಾಕಿ ಕೂರಿಸೋಣವೆಂದರೆ ಇವತ್ತಲ್ಲ ನಾಳೆ, ಬೀಗ ತೆಗೆಯಲೇಬೇಕು. ಇಡೀ ರಾತ್ರಿ ತಂಗಿಯ ಉಸಿರನ್ನೇ ಆಲಿಸುತ್ತಾ ಮಲಗಿದಳು. ಬೆಳಕು ಹರಿಯುವ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಆ ಆಸನದಲ್ಲಿ ಮನುಷ್ಯರಿಲ್ಲದಿದ್ದರೆ ತಾನೇ ಇನ್ಯಾರಾದರೂ ಬಂದು ಕೂರುವುದು?

ಪವಿತ್ರ ಶನಿವಾರವೆಂದರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಪೂಜೆಯ ರೊಟ್ಟಿಯನ್ನಿಡುವ ಪರಮಪ್ರಸಾದದ ಪೆಟ್ಟಿಗೆಯ ಬಾಗಿಲು ಹಾರುಹೊಡೆದಿರುತ್ತದೆ, ಒಳಗೆ ಏನೂ ಇಲ್ಲ. ಅದರ ಮುಂದೆ ವರ್ಷವಿಡೀ ಉರಿಯುವ ಕೆಂಪು ದೀಪ ಆರಿರುತ್ತದೆ. ಶಿಲುಬೆಯ ಮೇಲೆ ಸತ್ತ ಸ್ವಾಮಿ ಇನ್ನೂ ಎದ್ದಿರದ ಆ ದಿನ, ಸಂಜೆಯ ಜಾಗರಣೆಯವರೆಗೆ ಚರ್ಚು ಯಜಮಾನನಿಲ್ಲದ ಮನೆ. ಯಾರು ಬೇಕಾದರೂ ಬಂದು ಕೂರಬಹುದು. ಆದರೂ ಗದ್ದಲಕ್ಕೇನೂ ಕಡಿಮೆಯಿರಲಿಲ್ಲ. ಮೇಲಿನ ಅಟ್ಟದಲ್ಲಿ ಮೇಷ್ಟ್ರು ಒಂದೇ ಸಾಲನ್ನು ಹತ್ತು ಸಲ ಹಾಡಿಸುತ್ತಿದ್ದರು. ಹೂವಿನ ಬುಟ್ಟಿಗಳು ನಡುದಾರಿಯಲ್ಲೇ ಬಿದ್ದಿದ್ದವು. ಬಡಗಿ ಹೊಸ ಮೇಣದಬತ್ತಿಯ ಕಂಬ ನಿಲ್ಲಿಸುತ್ತಿದ್ದ. ಅವನನ್ನೇ ಕರೆದು ಗೂಡಿನ ಕುರ್ಚಿಗಳನ್ನು ಹೊರಗೆ ಹಾಕಿಸಿದಳು.

"ಅಕ್ಕ, ಇದರಲ್ಲಿ ಬೆಕ್ಕು ಕೂರೋಕೂ ಜಾಗ ಇರಲಿಲ್ಲ. ಈಗ್ಯಾರು ಬರ್ತಾರೆ, ಬಿಷಪ್ಪಾ?" ಎಂದ ಅವನು ನೆತ್ತಿಯ ದೀಪದ ಹಿಂದೆ ಕೈಯಾಡಿಸಿದ. "ವಯರನ್ನ ಇಲಿ ತಿಂದು ಮುಗಿಸಿದೆ ನೋಡಿ. ಎರಡೂ ತುದಿ ಕೈಗೇ ಬಂತು. ಇದು ಉರಿದು ಯಾವ ಕಾಲ ಆಯ್ತೋ!"

ಅವನು ಅತ್ತ ಹೋದ ಮೇಲೆ ಕೀಲಿಯಕ್ಕ ಒಳಗೆ ನುಗ್ಗಿ, ಗುರುಗಳು ಮಾತ್ರ ಕೂರಬೇಕಾದ ಆ ಆಸನದಲ್ಲಿ ಕೂತು, ಬಾಗಿಲೆಳೆದುಕೊಂಡಳು. ಮಾಡಬಾರದ ಕೆಲಸ. ಹಳೆಯ ಮರದ, ಮೇಣದ ವಾಸನೆ. ಆಸನ ಒಬ್ಬರಿಗೆ ಸಾಕು, ಇಬ್ಬರಿಗೆ ಇಕ್ಕಟ್ಟು.

ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು. ಹಲಗೆ ಕಿರುಗುಟ್ಟಿತು.

"ಬಂದೆ ಫಾದರ್," ಅಂದಳು ತಂಗಿ.

ಕೀಲಿಯಕ್ಕ ಉಸಿರು ಬಿಗಿಹಿಡಿದಳು. ತಾನು ಕೂತಿರುವಾಗ ಉತ್ತರ ಬರುವುದಿಲ್ಲ; ಇವಳು ಕಾದು ಕಾದು ಎದ್ದು ಹೋಗುತ್ತಾಳೆ. ಲೆಕ್ಕಾಚಾರ ಇಷ್ಟೇ ಇತ್ತು.

"ತಂದಿದೀನಿ," ಅಂದಳು ತಂಗಿ, ಯಾರೋ ಕೇಳಿದ ಹಾಗೆ. "ಎಡಗಾಲಿಂದು ಮಾತ್ರ ಸಿಕ್ತು." ತುಸು ಹೊತ್ತು ಸುಮ್ಮನಿದ್ದು, ಮೆಲ್ಲಗೆ ನಕ್ಕಳು. "ಹೌದು, ಅವಳು ಯಾವಾಗ್ಲೂ ಬಲಗಾಲಿಂದು ಎಲ್ಲೋ ಬಿಟ್ಟು ಬರ್ತಿದ್ಲು. ನಿಮಗೆ ಹೇಗೆ ಗೊತ್ತು?"

ಜಾಲರಿಯ ಈಚೆ ಒಂದು ಪಿಸುಮಾತೂ ಇರಲಿಲ್ಲ. ಕೀಲಿಯಕ್ಕನ ಕಿವಿಗೆ ಬೀಳುತ್ತಿದ್ದುದು ಅಟ್ಟದ ಹಾಡು, ತನ್ನದೇ ಎದೆಬಡಿತ. ಆದರೆ ಎಡಭುಜಕ್ಕೆ ತಾಗಿದಂತೆ, ಯಾರೋ ಒತ್ತರಿಸಿ ಕೂತಾಗ ಆಗುವ ಬಿಸುಪು. ಅವಳು ಆ ಕಡೆ ತಿರುಗಲಿಲ್ಲ. ಕತ್ತು ತಿರುಗಿಸುವಷ್ಟು ಧೈರ್ಯ ಅವಳಲ್ಲಿರಲಿಲ್ಲ.

"ಇಲ್ಲ, ಯಾರಿಗೂ ಹೇಳಿಲ್ಲ. ಅಕ್ಕನಿಗೆ ಮಾತ್ರ." ದೀರ್ಘ ಮೌನ. ತಂಗಿಯ ದನಿ ಬದಲಾಯಿತು. "ಅಕ್ಕನಾ? ನಿಮ್ಮ ಪಕ್ಕದಲ್ಲೇ?" ಮತ್ತೆ ಮೌನ. "ಹೂಂ. ಇರಲಿ ಬಿಡಿ. ಅವಳು ಏನೂ ಹೇಳಲ್ಲ, ಯಾವತ್ತೂ ಹೇಳಿಲ್ಲ. ನಾನು ರೆಡಿ. ಬರ್ತೀನಿ ಫಾದರ್, ಈಗಲೇ—"

"ಚಿಲಕ ಸರಿಯಾಗೇ ಇತ್ತು ಕಣೇ!"

ಕೂಗಿದ್ದು ತಾನೇ ಎಂದು ಕೀಲಿಯಕ್ಕನಿಗೆ ಆಮೇಲೆ ಗೊತ್ತಾಯಿತು. ಅವಳು ಎರಡೂ ಕೈಯಿಂದ ಜಾಲರಿ ಹಿಡಿದುಕೊಂಡಿದ್ದಳು.

"ಅಕ್ಕಾ?"

"ತುಕ್ಕುಗಿಕ್ಕು ಏನೂ ಹಿಡಿದಿರಲಿಲ್ಲ. ನೀನು ಹಾಕೋದು ಮರೆತೆ. ಬಟ್ಟೆ ಬುಟ್ಟಿ ಎತ್ಕೊಂಡು ಒಳಗೆ ಬಂದೆ, ಹಾಕೋದು ಮರೆತೆ. ಆಮೇಲೆ ಹೋಗಿ ಆ ಚಿಲಕ ನಾನೇ ಕಣ್ಣಾರೆ ನೋಡ್ದೆ. ನಿನ್ನಿಂದಲೇ ಆಗಿದ್ದು. ನಾನೂ ನೂರು ಸಲ ಮರೆತಿದೀನಿ, ನನ್ನ ಮಕ್ಕಳು ಹೇಗೋ ಉಳ್ಕೊಂಡ್ರು."

ಆಚೆಯಿಂದ, ಬಹಳ ಸಣ್ಣಗೆ: "ಮತ್ಯಾಕೆ ಹೇಳ್ಲಿಲ್ಲ?"

"ನೀನು ಸತ್ತುಹೋಗ್ತೀಯ ಅಂತ ಭಯ."

"ನೀವು ಯಾರೂ ಹೇಳದೇ ಇದ್ದಿದ್ದಕ್ಕೇ ಸಾಯ್ತಾ ಇದ್ದೆ ಕಣೇ. ನನಗೊಬ್ಬಳಿಗೇ ಗೊತ್ತು ಅನ್ಕೊಂಡು."

ತಂಗಿ ಅತ್ತಳು. ಇಷ್ಟು ದಿನ ಒಳಗೇ ಹುದುಗಿಸಿಟ್ಟಿದ್ದ ಅಳು, ಸದ್ದು ಮಾಡಿಕೊಂಡು, ಮೂಗು ಸೊರಗುಟ್ಟಿಸಿಕೊಂಡು, ಚಿಕ್ಕಂದಿನಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಅಳುತ್ತಿದ್ದ ಹಾಗೆ. ಅಟ್ಟದಲ್ಲಿ ಹಾಡು ತಟ್ಟನೆ ನಿಂತಿತು. ಪರದೆ ಸರಿದ ಸದ್ದಾಯಿತು. ಅಳು ಗೂಡಿನಿಂದ ಹೊರಗೆ ಬಂದು, ತಡವರಿಸುತ್ತಾ ಹೋಗಿ ಕಂಬದ ಹತ್ತಿರದ ಬೆಂಚಿನಲ್ಲಿ ಕೂತಿತು.

ಅವಳ ಬಳಿಗೆ ಓಡಬೇಕೆಂದು ಕೀಲಿಯಕ್ಕ ಏಳಹೋದಳು. ಭುಜದ ಬಳಿಯ ಬಿಸುಪು ಇರಲಿಲ್ಲ; ಆಸನ ಅಗಲವಾದಂತೆ ಅನ್ನಿಸಿತು. ಅಬ್ಬಾ ಎಂದು ನಿಟ್ಟುಸಿರು ಬಿಟ್ಟಳು.

ಆಗ ಜಾಲರಿಯ ಆಚೆ ಹಲಗೆ ಮತ್ತೆ ಕಿರುಗುಟ್ಟಿತು. ಭಾರವಾದ ಮಂಡಿಗಳು ಒಂದಾದ ಮೇಲೊಂದು ಊರಿದವು. ಕಂಬದ ಹತ್ತಿರ ತಂಗಿ ಇನ್ನೂ ಬಿಕ್ಕುತ್ತಿದ್ದಳು. ಇಲ್ಲಿ, ಅಂಗೈಯಷ್ಟು ದೂರದಲ್ಲಿ, ಯಾರೋ ತಾಳ್ಮೆಯಿಂದ ಉಸಿರಾಡುತ್ತಾ ಕೀಲಿಯಕ್ಕ ಶುರುಮಾಡಲೆಂದು ಕಾಯುತ್ತಿದ್ದರು.

"ಇಲ್ಲಿ... ಇಲ್ಲಿ ಗುರುಗಳಿಲ್ಲ," ಎಂದಳು.

"ಗೊತ್ತು," ಎಂದಿತು ದನಿ. ನಿಜಕ್ಕೂ ಒಳ್ಳೆಯ ದನಿ.

ಅವಳು ಬಾಗಿಲು ತಳ್ಳಿಕೊಂಡು ಹೊರಬಿದ್ದಳು. ಪರದೆಯ ಕಡೆ ನೋಡಲಿಲ್ಲ. ತಂಗಿಯ ರಟ್ಟೆ ಹಿಡಿದು ಎಬ್ಬಿಸಿ, ಹೂವಿನ ಬುಟ್ಟಿಗಳನ್ನು ದಾಟಿಸಿ, ಬಾಗಿಲ ಕಡೆಗೆ ನಡೆಸಿದಳು. ತಂಗಿ ಅವಳ ಹೆಗಲಿಗೆ ಮುಖ ಒತ್ತಿ ಅಳುತ್ತಲೇ ಇದ್ದಳು. ಕೀಲಿಯಕ್ಕ ಒಂದು ಕಿವಿಯನ್ನು ಹಿಂದಕ್ಕೇ ಇಟ್ಟು ನಡೆದಳು. ಹೊಸ್ತಿಲು ದಾಟುವವರೆಗೂ, ಮಂಡಿಯೂರಿದವರು ಎದ್ದ ಸದ್ದು ಕೇಳಲಿಲ್ಲ.